ವಿಮಾನ ಕಾಯುವವನ ಹಗಲುಗನಸುಗಳು

ನನ್ನ ಕೆಲಸ ಹಗಲುಗನಸು ಕಾಣುವುದು. ಅದಕ್ಕೆ ಸಂಬಳವೂ ಬರುತ್ತದೆ. ನಮ್ಮ ಕಡೆಯ ವಿಮಾನ ನಿಲ್ದಾಣಕ್ಕೆ ಉಗ್ರನೊಬ್ಬ ಬಂದರೆ ಯಾವ ದಾರಿ ಹಿಡಿದಾನು, ಎಲ್ಲಿ ನಿಂತಾನು, ಏನು ಮಾಡಿಯಾನು ಎಂದು ಮೊದಲೇ ಊಹಿಸಿ, ಎಲ್ಲಿ ಎಷ್ಟು ಅಪಾಯ ಎಂದು ಬರೆದುಕೊಡಬೇಕು. ಹೀಗೆ ಆಕಾಶ ನೋಡುತ್ತ ಊಹಿಸಿಕೊಂಡ ಒಬ್ಬ ಕೆಟ್ಟವನೂ ಇವತ್ತಿನವರೆಗೆ ಎದುರಾಗಿಲ್ಲ. ಪ್ರತಿ ಸಲ ಎದುರಾಗುವವರು ನಮ್ಮ ಮಂದಿಯೇ.

ಅವ್ವನಿಗೆ ತಿಳಿಸಿದ್ದು

ನಮ್ಮೂರು ತಂಬೂರಿನಲ್ಲಿ ಮನೆಯ ಕಟ್ಟೆಯ ಮೇಲೆ ಅವ್ವ ಅಲಸಂದಿ ಹಸನು ಮಾಡುತ್ತಿದ್ದಳು. ನಿನ್ನ ನೌಕರಿ ಅಂದರೆ ಏನು ಎಂದು ಕೇಳಿದಳು. ಇನ್ನೂ ಏನೂ ಆಗಿರುವುದಿಲ್ಲ, ಆದರೆ ಏನೇನು ಕೆಟ್ಟದ್ದು ಆದೀತು ಎಂದು ದಿನವಿಡೀ ಯೋಚಿಸಿ ಬರೆಯುವುದು ಎಂದೆ. ಬಹಳ ಎತ್ತರದಲ್ಲಿ ಒಂದು ವಿಮಾನ ಸದ್ದಿಲ್ಲದೆ ಬಿಳಿ ಗೆರೆ ಎಳೆಯುತ್ತಿತ್ತು. ಅದು ಮಾಯವಾಗುವ ತನಕ ಇಬ್ಬರೂ ನೋಡಿದೆವು.

"ನೀ ಸಾಲಿಗೆ ಹೋದ ದಿನದಿಂದ ನಾ ಅದನ್ನ ಮಾಡಾಕತ್ತೇನಿ," ಅಂದಳು ಅವ್ವ. "ಬರಿಯಾಕ ಬರ್ತಿದ್ದಿಲ್ಲ ನೋಡು, ಪಗಾರ ತಪ್ಪಿತು."

ವಾರಸುದಾರರಿಲ್ಲದ ಚೀಲ

ಒಮ್ಮೆ ಮಂದಿಯ ಎಚ್ಚರ ಪರೀಕ್ಷಿಸಲು, ಪ್ರಯಾಣಿಕರು ಕೂಡುವ ಜಾಗದಲ್ಲಿ ನಾನೇ ಒಂದು ಚೀಲ ಬಿಟ್ಟು ಕಂಬದ ಮರೆಗೆ ಸರಿದೆ. ಯಾರಾದರೂ ಅನುಮಾನಪಟ್ಟು ಸಿಬ್ಬಂದಿಗೆ ತಿಳಿಸಬೇಕು, ಅದು ಎಷ್ಟು ಹೊತ್ತಿಗೆ ಎಂದು ನೋಡಬೇಕು. ಅರ್ಧ ತಾಸು ಕಳೆದರೂ ಯಾರೂ ಏಳಲಿಲ್ಲ. ಬಿಸಿಲು ಗಾಜಿನೊಳಗಿಂದ ಇಳಿದು ಎಲ್ಲರನ್ನೂ ತೂಕಡಿಸುವಂತೆ ಮಾಡಿತ್ತು, ನನ್ನನ್ನೂ ಸೇರಿಸಿ.

ಕಣ್ಣು ಬಿಟ್ಟಾಗ ಅಣ್ಣಿಗೇರಿ ಕಡೆಯ ಅಜ್ಜಿಯೊಬ್ಬಳು ಚೀಲಕ್ಕೆ ಕೈಯೂರಿ ಕೂತಿದ್ದಳು. ಪಾಪ, ಯಾರೋ ಮರೆತು ಹೋಗ್ಯಾರ, ಬರೂಮಟ ಕಾಯ್ತೇನಿ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದಳು. ಬಂದೂಕಿನವರು ಬಂದು ಕೇಳಿದರೂ ಕೊಡಲಿಲ್ಲ. ಕೊನೆಗೆ ನಾನೇ ಹೋಗಿ ಚೀಲ ನನ್ನದೆಂದು ಒಪ್ಪಿಕೊಂಡೆ. ಒಳಗೆ ಏನೈತಿ ಹೇಳು, ಅಂದ್ರ ಕೊಡ್ತೇನಿ ಅಂದಳು.

"ಎರಡು ಇಟ್ಟಂಗಿ, ಅಜ್ಜಿ."

ತೆರೆದು ನೋಡಿದಳು. ಎರಡು ಇಟ್ಟಿಗೆ. ನನ್ನ ಮುಖವನ್ನು ಬಹಳ ಹೊತ್ತು ಮರುಕದಿಂದ ನೋಡಿದಳು.

"ನೀ ಹೊಂಟ ಊರಾಗ ಸಿಗಂಗಿಲ್ಲೇನೋ ತಮ್ಮಾ?"

ದುಮ್ಮವಾಡದ ಆಚೆಯ ಗುಡ್ಡ

ಇಳಿಯುವ ವಿಮಾನ ಆ ಗುಡ್ಡದಿಂದ ಎಷ್ಟು ಸಮೀಪ ಕಾಣುತ್ತದೆ ಎಂದು ನೋಡಲು ಒಂದು ಮಧ್ಯಾಹ್ನ ದುರ್ಬೀನು ಹಿಡಿದು ಒಬ್ಬನೇ ಹತ್ತಿದ್ದೆ. ಕೆಳಗೆ ಕುರಿಹಿಂಡು, ಮೇಲೆ ಮೋಡ. ಎರಡೂ ಒಂದೇ ನಿಧಾನದಲ್ಲಿ ಸರಿಯುತ್ತಿದ್ದವು. ಒಂದೆರಡು ವಿಮಾನ ನೋಡಿ ಬರೆದುಕೊಂಡು, ಪುಸ್ತಕ ಎದೆಯ ಮೇಲಿಟ್ಟು ಹುಲ್ಲಿನಲ್ಲಿ ಅಂಗಾತ ಮಲಗಿದೆ. ಮತ್ತೊಂದು ವಿಮಾನ ಬಂತು, ಹೋಯಿತು. ಆಮೇಲೆ ಬಂದದ್ದು ವಿಮಾನವೋ ಹದ್ದೋ ಎಂಬುದೂ ನನಗೆ ಬೇಕಾಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಕುರಿ ಕಾಯುವ ಕಾಕಾ ಬಂದು ಬಾಜೂಕ ಕೂತ. ಯಾವ ಊರು, ಮಕ್ಕಳೆಷ್ಟು ಎಂದು ಬಹಳ ಅಕ್ಕರೆಯಿಂದ ಕೇಳಿದ. ಕುಡಿಯಲು ನೀರು ಕೊಟ್ಟ. ಇಂಥ ಒಳ್ಳೆಯವರ ನಡುವೆ ಕೂತು ಕೆಟ್ಟದ್ದನ್ನು ಊಹಿಸುವ ನನ್ನ ಕೆಲಸದ ಬಗ್ಗೆ ನನಗೇ ನಾಚಿಕೆಯಾಯಿತು.

ಅಷ್ಟರಲ್ಲಿ ಪೊಲೀಸ್ ಠಾಣೆಯಿಂದ ನನಗೆ ಫೋನು. ದುಮ್ಮವಾಡದ ಕಡೆ ಗುಡ್ಡದ ಮೇಲೆ ಯಾರೋ ಅನುಮಾನದ ಮನುಷ್ಯ ಇದ್ದಾನಂತೆ, ದುರ್ಬೀನಿನಿಂದ ವಿಮಾನ ನೋಡಿ ನೋಡಿ ಬರೆದುಕೊಳ್ಳುತ್ತಾನಂತೆ, ನಮ್ಮವರು ಹೊರಟಿದ್ದಾರೆ, ನೀವೂ ಬರ್ರಿ ಅಂದರು.

ಇಷ್ಟು ವರ್ಷ ಕನಸಿನಲ್ಲಿ ಕಂಡವನು ನಿಜವಾಗಿ ಬಂದಿದ್ದಾನೆ, ಅದೂ ಇದೇ ಗುಡ್ಡಕ್ಕೆ. ಮುದುಕನಿಗೆ ಏನೂ ಆಗಬಾರದೆಂದು ಅವನ ರಟ್ಟೆ ಹಿಡಿದು ಬಂಡೆಯ ಮರೆಗೆ ಎಳೆದುಕೊಂಡೆ. ಸುತ್ತ ಕಣ್ಣಾಡಿಸಿ ದನಿ ತಗ್ಗಿಸಿ ಕೇಳಿದೆ:

"ಕಾಕಾ, ಇಲ್ಲೆ ದುರ್ಬೀನು ಹಿಡಕೊಂಡಾಂವ ಯಾರರ ಕಂಡಾರೇನ್ರಿ?"

"ಕಂಡಾರ್ರಿ. ಫೋನ್ ಮಾಡಿದಾಂವ ನಾನ," ಅಂದ ಕಾಕಾ, ಅಗದಿ ಸಮಾಧಾನದಿಂದ. "ಪೊಲೀಸ್ರು ಬರೂಮಟ ಮಾತಿನಾಗ ಹಿಡದಿಡು ಅಂದಾರ. ಅದಕ್ಕ ನಿಮ್ಮ ಜೋಡಿ ಕುಂತೇನಿ."