ಬಚ್ಚಲ ಹಿಂದಿನ ಸುಗಂಧಿ

ಕೆಲವರಿಗೆ ಬಾಯಿ ಸುಮ್ಮನಿರುವುದಿಲ್ಲ. ನನಗೆ ಕೈ ಸುಮ್ಮನಿರುವುದಿಲ್ಲ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು, ಹುಣಸೂರು ಕಡೆಯ ಹೊಗೆಸೊಪ್ಪಿನ ಹೊಲಗಳಲ್ಲಿ ದುಡಿದು, ಆಮೇಲೆ ನಂಜನಗೂಡಿನಲ್ಲಿ ಸ್ವಂತ ವೆಲ್ಡಿಂಗ್ ಶಾಪು ಇಟ್ಟು ಮನೆ ಕಟ್ಟಿಸಿದವನು ನಾನು. ಎಲ್ಲ ಈ ಕೈಯಿಂದಲೇ ಆದದ್ದು. ಹಾಗಾಗಿ ಅದಕ್ಕೆ ನಾನು ಬುದ್ಧಿ ಹೇಳಲು ಹೋಗುವುದಿಲ್ಲ.

ನನ್ನ ಹೆಂಡತಿಗೆ ಸುಗಂಧಿ ಹೂವೆಂದರೆ ಪ್ರಾಣ. ಆಳೆತ್ತರದ ಗಿಡ, ಅರಿಶಿನದ ಎಲೆಯಂಥ ಎಲೆ, ತುದಿಯಲ್ಲಿ ಬಿಳಿ ಚಿಟ್ಟೆ ಕೂತಂಥ ಹೂವು. ತಿ. ನರಸೀಪುರದಲ್ಲಿ ಅವಳ ಅಕ್ಕನ ಹಿತ್ತಿಲಲ್ಲಿ ಅದು ಕಳೆಯ ಹಾಗೆ ಬೆಳೆದಿದೆ. ಪ್ರತಿ ಗೌರಿ ಹಬ್ಬಕ್ಕೂ ಅಲ್ಲಿಂದ ಹೂ ಬರುತ್ತಿತ್ತು, ಜೊತೆಗೆ ಆ ಅಕ್ಕನ ಯಜಮಾನರು, ಅಂದರೆ ನನ್ನ ಷಡ್ಡಕರ ಮಾತೂ ಬರುತ್ತಿತ್ತು: "ನಮ್ಮನೆ ಹೂ ಇಲ್ದೆ ನಿಮ್ಮನೇಲಿ ಗೌರಿ ಕೂರಲ್ಲ ಬಿಡಪ್ಪಾ."

ಒಂದು ವರ್ಷ ನನಗೆ ರೇಗಿತು. ಅಲ್ಲಿಂದಲೇ ಗೆಡ್ಡೆ ತಂದು ಬಚ್ಚಲ ಹಿಂದೆ ನೆಟ್ಟು, "ಮುಂದಿನ ಹಬ್ಬಕ್ಕೆ ನಮ್ಮ ಹೂವೇ ನಿಮ್ಮೂರಿಗೆ ಬತ್ತದೆ, ನೋಡ್ತಾ ಇರಿ" ಎಂದು ಎಲ್ಲರೆದುರು ಹೇಳಿಬಿಟ್ಟೆ.

ಬಚ್ಚಲ ನೀರು ಕುಡಿದು ಗಿಡ ಸೊಂಪಾಗಿ ಬಂತು. ದಿನಾ ಹಲ್ಲುಜ್ಜುತ್ತಾ ಅದರ ಸುತ್ತಲೇ ಓಡಾಡಿದೆ. ಸಗಣಿ ಗೊಬ್ಬರ ಹಾಕಿದೆ. ನೋಡಿದವರು ಎಲೆಯನ್ನು ಹೊಗಳಿದರು. ಹೂ ಮಾತ್ರ ಇಲ್ಲ! ಹಬ್ಬಕ್ಕೆ ಮತ್ತೆ ನರಸೀಪುರದ ಬಸ್ಸೇ ಗತಿಯಾಯಿತು. ಮರುವರ್ಷವೂ ಅದೇ. ಆಗಷ್ಟೇ ಮನೆಗೆ ಫೋನು ಬಂದಿತ್ತು, ಷಡ್ಡಕರು "ಹಲೋ" ಎನ್ನುವ ಬದಲು "ಬಿಡ್ತಾ?" ಎನ್ನುತ್ತಿದ್ದರು. ಕಾರಣ ಏನೆಂದು ಕೇಳೋಣವೆಂದರೆ ಅವರನ್ನೇ ಕೇಳಬೇಕು. ಅದಕ್ಕಿಂತ ಹೂ ಇಲ್ಲದಿರುವುದೇ ವಾಸಿ.

ಮೂರನೇ ವರ್ಷ ಹಬ್ಬಕ್ಕೆ ಮುಂಚೆ ಅವರೇ ಗಿಡ ನೋಡಲು ಬಂದರು. ನಾನು ಗಿಡದ ಪಕ್ಕ ನಿಂತು, "ನೀವು ಕೊಟ್ಟಿದ್ದು ಗೊಡ್ಡು ಗೆಡ್ಡೆ ಕಣಣ್ಣಾ. ನನ್ನ ಆರೈಕೇಲಿ ಏನೂ ಕಮ್ಮಿಯಿಲ್ಲ" ಎಂದು ಜೋರು ಮಾಡುತ್ತಿದ್ದೆ.

"ರೀ, ಕೈಲೇನದು?" ಎಂದಳು ಹೆಂಡತಿ.

ನೋಡಿದೆ. ಗಿಡದ ತುದಿ, ಒಳಗೆ ಎಳೇ ಮೊಗ್ಗಿನ ತೆನೆ.

"ಅಯ್ಯೋ ಪುಣ್ಯಾತ್ಮ! ಹೊಗೆಸೊಪ್ಪು ಅಂದ್ಕೊಂಡು ಕುಡಿ ಮುರೀತಾ ಇದ್ಯೇನ್ಲಾ!" ಎಂದು ಷಡ್ಡಕರು ಬಚ್ಚಲ ಗೋಡೆ ಹಿಡಿದುಕೊಂಡು ನಕ್ಕರು.

ಹೊಗೆಸೊಪ್ಪಿಗೆ ಕುಡಿ ಮುರಿದರೆ ತಾನೇ ಎಲೆ ದಪ್ಪವಾಗುವುದು? ಅಷ್ಟು ವರ್ಷ ಮುರಿದ ಕೈ. ಎತ್ತರದ ಗಿಡ ಕಂಡರೆ ನನ್ನನ್ನು ಕೇಳುವುದೇ ಇಲ್ಲ.

ಹೆಂಡತಿಯ ಅಪ್ಪಣೆಯಂತೆ ಮಾರನೇ ದಿನವೇ ಗಿಡದ ಸುತ್ತ ಕಬ್ಬಿಣದ ಜಾಲರಿ ಬೇಲಿ ವೆಲ್ಡ್ ಮಾಡಿ ನಿಲ್ಲಿಸಿದೆ. ಮುಂದಿನ ಗೌರಿಗೆ ನಮ್ಮ ಹೂ ನರಸೀಪುರಕ್ಕೆ ಹೋಯಿತು. ದಾರಿಹೋಕರು ಈಗಲೂ "ಮೇಕೆ ಕಾಟವಾ ಯಜಮಾನ್ರೇ?" ಎನ್ನುತ್ತಾರೆ. ಹೌದು ಎನ್ನುತ್ತೇನೆ. ಬೇಲಿಯ ಬೀಗದ ಕೈ ಹೆಂಡತಿಯ ಸೊಂಟದಲ್ಲಿದೆ.