ಇಲ್ಲದ ಮೊಣಕಾಲು ನೋವು

ಸೀನು ಬಂದರೆ ಜನ ಕರವಸ್ತ್ರ ಹುಡುಕುತ್ತಾರೆ, ನಾನು ಕೂರಲು ಕುರ್ಚಿ ಹುಡುಕುತ್ತೇನೆ. ಹೇಳಲು ನಾಚಿಕೆ, ಆದರೂ ಹೇಳಿಬಿಡುತ್ತೇನೆ. ಮಗಳು ಹುಟ್ಟಿದಾಗಿನಿಂದ ಸೀನಿದರೆ, ಕೆಮ್ಮಿದರೆ, ಜೋರಾಗಿ ನಕ್ಕರೆ ನನಗೆ ಮೂತ್ರ ಜಾರಿಬಿಡುತ್ತದೆ. ಜೋಕು ಹೇಳುವ ನೆಂಟರನ್ನು ಕಂಡರೆ ಎದೆ ನಡುಗುತ್ತದೆ. ಕೊನೆಗೆ ಡಾಕ್ಟರಮ್ಮ, "ಆಪರೇಷನ್ ಬೇಡ, ಫಿಸಿಯೋಥೆರಪಿ ಮಾಡಿಸಿ" ಎಂದರು. ವರ್ತಕ ನಗರದ ನಮ್ಮ ಬಿಲ್ಡಿಂಗ್ ಪಕ್ಕದಲ್ಲೇ ಒಂದು ಕ್ಲಿನಿಕ್ ಇದೆ. ಆದರೆ ಅಲ್ಲಿ ನಮ್ಮ ಸೊಸೈಟಿಯ ಅರ್ಧ ಜನ ಕೂತಿರುತ್ತಾರೆ. ಅದಕ್ಕೇ ಲೋಕಲ್ ರೈಲು ಹತ್ತಿ ದೂರದ ಸಾನಪಾಡಾಕ್ಕೆ ಹೋದೆ. ಮನೆಯಲ್ಲಿ ಮೊಣಕಾಲು ನೋವು ಎಂದು ಸುಳ್ಳು ಹೇಳಿದೆ.

ಅಲ್ಲಿನ ಫಿಸಿಯೋ ನನ್ನ ಮಗಳ ವಯಸ್ಸಿನವಳು. ಮೂತ್ರ ತಡೆಯುವ ಹಾಗೆ ಒಳಗಿನ ಸ್ನಾಯು ಬಿಗಿಹಿಡಿದು ಐದು ಎಣಿಸಿ ಬಿಡಬೇಕು, ಎಲ್ಲಿ ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ ಎಂದು ಮರಾಠಿಯಲ್ಲಿ ಧೈರ್ಯ ಹೇಳಿದಳು. ಗೊತ್ತಾಗುತ್ತದೆ! ನಾನು ಸ್ನಾಯು ಬಿಗಿದರೆ ಹುಬ್ಬೂ ಮೇಲೇರುತ್ತದೆ. ವಾಪಸು ಬರುವಾಗ ರೈಲಿನ ಲೇಡೀಸ್ ಡಬ್ಬದಲ್ಲಿ ಎದುರಿಗಿದ್ದ ಹೆಂಗಸು ನನ್ನ ಮುಖ ನೋಡಿ, ಹೊಟ್ಟೆನೋವೇ ಎಂದು ವಿಚಾರಿಸಿ ಓಮಕಾಳು ಕೊಟ್ಟಳು. ತಿಂದೆ. ಬೇಡ ಎಂದರೆ ಕಾರಣ ಹೇಳಬೇಕಲ್ಲ.

ವಿಜಯಪುರದ ಕಡೆಯ ನಮ್ಮ ಅತ್ತೆಗೆ ನಿಜವಾಗಿಯೂ ಮೊಣಕಾಲು ನೋವು. ಒಂದು ಮಧ್ಯಾಹ್ನ ಟಿ.ವಿ. ಮುಂದೆ ಕೂತು ಎಣಿಸುತ್ತಿದ್ದೆ, ಅವರು ಎದುರಿಗೆ ಬಂದು ಕೂತರು.

"ಸುಮಾ, ಆ ವ್ಯಾಯಾಮ ನನಗೂ ಕಲಸವಾ. ಅಲ್ಲ, ನೀ ಕಾಲs ಅಲ್ಲಾಡಸವಲ್ಲಿ. ಇದೆಂಥಾ ಮೊಣಕಾಲಿನ ವ್ಯಾಯಾಮ?"

ಬೇರೆ ದಾರಿ ಕಾಣದೆ ನಿಜ ಹೇಳಿ, ಬೈಗುಳಕ್ಕೆ ಕಾದು ಕೂತೆ.

"ಇದಕ್ಕೂ ಡಾಕ್ಟರ್ ಇರ್ತಾರೇನ?" ಎಂದರು ಸಣ್ಣ ದನಿಯಲ್ಲಿ. "ನಿನ್ನ ಗಂಡ ಹುಟ್ಟಿದಾಗಿಂದ ನನಗೂ ಹಿಂಗs ಐತಿ. ಹೆಣ್ಣಮಕ್ಕಳ ಹಣೆಬರಾ ಅಂದ್ಕೊಂಡಿದ್ದೆ."

ಮುಂದಿನ ವಾರ ಇಬ್ಬರೂ ಸಾನಪಾಡಾಕ್ಕೆ ಹೋದೆವು. ಚಿಕಿತ್ಸೆಯಿಂದ ನಿಮಗೇನು ಆಗಬೇಕು ಎಂದು ಹುಡುಗಿ ಕೇಳಿದಳು. ಅತ್ತೆ ನನ್ನ ಕಡೆ ನೋಡಿ, "ಬಸ್ಸಿನ್ಯಾಗ ಕುಂತು ತಂಗಿ ಊರಿಗೆ ಒಮ್ಮೆ ಹೋಗಿ ಬರಬೇಕು ಅಂತ ಹೇಳವಾ" ಎಂದರು. ಅತ್ತೆಯ ಮುಖ ನೋಡದೆ ಅದನ್ನು ಮರಾಠಿಯಲ್ಲಿ ಹೇಳಿದೆ. ಸ್ವಂತ ತಂಗಿಯ ಮನೆಗೂ ಹೋಗದಷ್ಟು ಸೊಕ್ಕು ನಮ್ಮ ಅತ್ತೆಗೆ ಎಂದು ನೆಂಟರಲ್ಲೆಲ್ಲ ಹೇಳಿಕೊಂಡು ತಿರುಗಿದವಳು ನಾನೇ. ಒಂದೇ ಬಾತ್‌ರೂಮಿನ ಮನೆಯಲ್ಲಿ ಇಪ್ಪತ್ತೈದು ವರ್ಷ ಜೊತೆಗಿದ್ದೂ ನನಗೆ ತಿಳಿಯಲಿಲ್ಲ. ತಿಳಿಯಲು ಪುರುಸೊತ್ತಾದರೂ ಎಲ್ಲಿತ್ತು? ಹೊರಗೆ ನಿಂತು, "ಅತ್ತಿ, ಲಗೂನ ಬರ್ರಿ" ಎಂದು ಬಾಗಿಲು ಬಡಿಯುವುದೇ ನನ್ನ ಕೆಲಸವಾಗಿತ್ತು.