ಮಾರಿ ನಂದು, ದನಿ ಯಾರದೋ

ನಾನು ಸಿನಿಮಾ, ಧಾರಾವಾಹಿಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡುವವನು. ಗೌಡ, ಗುಮಾಸ್ತ, ನಾಯಕಿಯ ಸೋದರಮಾವ, ಯಾವುದು ಕೊಟ್ಟರೂ ಸೈ, ಹಾಡಲು ಮಾತ್ರ ಹೇಳಬಾರದು. ಮನೆ ಧಾರವಾಡದ ಮಾಳಮಡ್ಡಿಯಲ್ಲಿ, ಕೆಲಸ ಬೆಂಗಳೂರಿನಲ್ಲಿ. ಅರ್ಧ ಆಯುಷ್ಯ ರೈಲಿನಲ್ಲೇ ಹೋಯಿತು. ಇಂಥವನಿಗೆ ಫಜೀತಿಗಳು ತಪ್ಪುವುದಿಲ್ಲ, ಒಂದನ್ನು ಮರೆಯುವಷ್ಟರಲ್ಲಿ ಇನ್ನೊಂದು ಬಂದು ಪಕ್ಕದಲ್ಲಿ ಕೂತಿರುತ್ತದೆ. ನನ್ನ ಫಜೀತಿಗಳೆಲ್ಲ ಬಂದದ್ದು ಮಾತ್ರ ಒಂದೇ ಕಡೆಯಿಂದ. ನನ್ನ ದನಿಯಿಂದ.

ಮೊದಲ ಸಿನಿಮಾ

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಚಿತ್ರೀಕರಣ ಮುಗಿದ ಮೇಲೆ ಮಾತುಗಳನ್ನು ಸ್ಟುಡಿಯೋದಲ್ಲಿ ಮತ್ತೊಮ್ಮೆ ಹೇಳಿಸುತ್ತಾರೆ. ನನ್ನ ಮಾತು ತೀರ ಧಾರವಾಡದ್ದಾಯಿತು ಎಂದು ಅದನ್ನು ಬೇರೆ ಯಾರಿಂದಲೋ ಹೇಳಿಸಿದ್ದರು. ನನಗೆ ತಿಳಿಸಿರಲಿಲ್ಲ.

ಅವ್ವನನ್ನೂ ಮಗ್ಗುಲ ಮನೆಯಾಕೆ ಕಾಕುವನ್ನೂ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಸಿನಿಮಾ ತೋರಿಸಿದೆ. ಪರದೆಯ ಮೇಲೆ ನಾನು ಬಂದೆ, ಬಾಯಿ ತೆರೆದೆ. ಒಳಗಿನಿಂದ ಗಡಸು ದನಿಯವನೊಬ್ಬ "ಏನಯ್ಯಾ, ಹೇಗಿದ್ದೀಯ?" ಅಂದ.

ಅವ್ವ ಸುತ್ತ ಕೂತವರಿಗೆಲ್ಲ ಕೇಳುವಂತೆ, "ಅಂವ ಯಾರೋ, ನಿನ್ನ ಬಾಯಾಗ ಕುಂತು ಮಾತಾಡಾಕತ್ತಾನ?" ಅಂದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ಮುಖ ನೋಡಿ, ಕೈ ಹಿಡಿದುಕೊಂಡು ಹೇಳಿದಳು: "ಮಾರಿ ನಿಂದ ಐತಿ, ಖರೇ. ಆದ್ರ ನೀ ಬಂದಿಲ್ಲಪಾ. ಒಮ್ಮೆರೆ ನಿನ್ನ ದನಿ ಅದರಾಗ ಕೇಳಬೇಕು ನಾ." ಅಂದಿನಿಂದ ನಾನು ಯಾವ ಹೊಸ ಸಿನಿಮಾದ ಸುದ್ದಿ ಹೇಳಿದರೂ ಅವಳದು ಒಂದೇ ಪ್ರಶ್ನೆ. "ಈ ಸಲ ನೀ ಬಂದೀಯೋ, ಮಾರಿ ಅಷ್ಟ ಬಂದೈತೋ?"

ಛತ್ರಿ ಅಂಗಡಿ

ಒಮ್ಮೆ ಛತ್ರಿ ಕೊಳ್ಳಲು ಕೇಶ್ವಾಪುರದ ಅಂಗಡಿಯೊಂದಕ್ಕೆ ಹೋದೆ. ಮಾಲೀಕರು ನನ್ನ ಧಾರಾವಾಹಿ ತಪ್ಪದೆ ನೋಡುವವರು. ಕಂಡಕೂಡಲೇ ಎದ್ದು ಕುರ್ಚಿ ಕೊಟ್ಟರು, ಚಹಾ ತರಿಸಿದರು. ನಾನು ನಗುತ್ತ ಕೂತಿರುವವರೆಗೆ ಎಲ್ಲವೂ ಚೆನ್ನಾಗಿತ್ತು.

"ಚಹಾ ಯಾಕ್ರಿ, ಈಗರೆ ಕುಡದ ಬಂದೇನಿ," ಅಂದುಬಿಟ್ಟೆ.

ಅವರ ಮುಖ ಇಳಿಯಿತು. "ನೀವು ಅವ್ರಲ್ರಿ. ಅವ್ರ ದನಿ ಹೆಂಗೈತಿ, ಗಂಟಿ ಹೊಡದಂಗ."

"ನಾನ ಅವ್ರಿ, ಖರೇನ."

"ಎಷ್ಟ ಮಂದಿಗೆ ಹಿಂಗ ಹೇಳಿ ಚಹಾ ಕುಡದೀರಿ?" ಎನ್ನುತ್ತ ಕಪ್ಪನ್ನು ಪಕ್ಕದ ಗಿರಾಕಿಯ ಕಡೆ ಸರಿಸಿದರು. ನಾನು ಛತ್ರಿ ಹಿಡಿದು ಮೆಟ್ಟಿಲಿಳಿಯುವಾಗ ಅವರಿಗೇ ಪಾಪ ಅನಿಸಿರಬೇಕು. "ಮಾರಿ ಮಾತ್ರ ಥೇಟ್ ಅವ್ರಂಗ ಐತ್ರಿ. ಅವ್ರಿಗೆ ಆರಾಮ ಇಲ್ದಾಗ ಒಂದ್ಸಲ ಹೋಗಿ ಅವ್ರ ಪಾರ್ಟ್ ಕೇಳಿ ನೋಡ್ರಿ."

ಬೆಂಗಳೂರಿನ ನಾಲಿಗೆ

ಅವ್ವನ ಸಲುವಾಗಿ ಬೆಂಗಳೂರಿನ ಮಾತು ಕಲಿತೇಬಿಡುತ್ತೇನೆ ಎಂದು ಹಟ ತೊಟ್ಟೆ. ಒಂದು ತಿಂಗಳು ಮನೆಯಲ್ಲೂ ಅದೇ ಅಭ್ಯಾಸ. "ಅಮ್ಮಾ, ಸ್ವಲ್ಪ ನೀರು ಕೊಡ್ತೀಯಾ?" ಅಂದರೆ ಅವ್ವ ನನ್ನ ಹಣೆ ಮುಟ್ಟಿ, "ಜ್ವರೇನ ಇಲ್ಲಲ್ಲಾ," ಅನ್ನುವಳು.

ಪಳಗಿದ ನಾಲಿಗೆ ಹೊತ್ತು ನಿರ್ದೇಶಕರ ಮುಂದೆ ನಿಂತೆ. ಅವರು ಗಮನವಿಟ್ಟು ಕೇಳಿ, "ತುಂಬಾ ಚೆನ್ನಾಗಿ ಮಾತಾಡ್ತೀರ. ಆದ್ರೆ ಈ ಸಲ ನಿಮ್ದು ಧಾರವಾಡದ ಅಡುಗೆಯವನ ಪಾತ್ರ. ಆ ಕಡೆ ಸೊಗಡೇ ಇಲ್ವಲ್ಲ ನಿಮ್ಮ ಮಾತಲ್ಲಿ," ಅಂದರು. ಅಲ್ಲೇ ನಿಂತು ನಮ್ಮೂರ ಮಾತಿನ ಮಳೆಗರೆದೆ. ಅದು ಯಾರಿಗೂ ಅರ್ಥವಾಗುವುದಿಲ್ಲ ಅಂದರು.

ಕೊನೆಗೆ ದನಿ ಕೊಟ್ಟವನು ಬೆಂಗಳೂರಿನವನೇ. ಪ್ರತಿ ಶಬ್ದಕ್ಕೂ "ರೀಪಾ" ಹಚ್ಚಿದರೆ ಧಾರವಾಡವಾಗುತ್ತದೆ ಎಂದು ಅವನ ನಂಬಿಕೆ. ನಾನು ಸೌಟು ಹಿಡಿದು, "ಉಪ್ಪುರೀಪಾ, ಖಾರಾರೀಪಾ, ಬೆಂದೈತ್ರೀಪಾ," ಅನ್ನುತ್ತಿದ್ದೇನೆ. ಅವ್ವ ಟಿವಿಗೆ ಹತ್ತಿರ ಹೋಗಿ ನೋಡಿ ಹೇಳಿದಳು: "ಈ ಸಲ ಮಾರಿನೂ ನಿಂದಲ್ಲ ಅನಸಾಕತ್ತೈತಿ."

ಬಾಗ್ಲಾ ತಗಿ

ಅವ್ವನ ಕಣ್ಣು ಮಂಜಾಗುತ್ತ ಬಂದು, ಕಡೆಗೆ ಬೆಳಕು ಕತ್ತಲೆಯಷ್ಟೇ ತಿಳಿಯುವ ಹಾಗಾಯಿತು. ಟಿವಿಯಲ್ಲಿ ನಾನು ಬಂದರೂ ಅವಳಿಗೆ ನಾನು ಬಂದದ್ದು ಗೊತ್ತಾಗುತ್ತಿರಲಿಲ್ಲ, ಮುಖ ಕಾಣದು, ದನಿ ನನ್ನದಲ್ಲ. ಅವಳು ಆ ಪ್ರಶ್ನೆ ಕೇಳುವುದನ್ನೇ ಬಿಟ್ಟಳು. ಕೇಳುವಾಗ ಮುಜುಗರವಾಗುತ್ತಿತ್ತು, ಬಿಟ್ಟ ಮೇಲೆ, ಇನ್ನೊಮ್ಮೆ ಕೇಳಬಾರದೇ ಎಂದು ಜೀವ ಹಂಬಲಿಸುತ್ತಿತ್ತು. ಅವಳು ಇರುವಾಗಲೇ ಒಂದು ಸಲ ನನ್ನ ದನಿ ಕೇಳಿಸಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು.

ಆಗ ಬೆಂಗಳೂರಿನಿಂದ ಫೋನ್ ಬಂತು. ಒಬ್ಬ ನಾಯಕನಟ ಧಾರವಾಡದ ಹುಡುಗನ ಪಾತ್ರ ಮಾಡಿದ್ದಾನೆ, ನಾಲಿಗೆ ಹೊರಳುತ್ತಿಲ್ಲ, ನೀವು ದನಿ ಕೊಡಬೇಕು ಅಂದರು. ನನ್ನ ಬಾಯಲ್ಲಿ ಕೂತವರನ್ನು ಇಷ್ಟು ವರ್ಷ ಬೈದವನು ಇನ್ನೊಬ್ಬನ ಬಾಯಲ್ಲಿ ಕೂತು ಬಂದೆ. ನಾಚಿಕೆಯಿಂದ ಅವ್ವನಿಗೆ ಹೇಳಲಿಲ್ಲ.

ಆ ಸಿನಿಮಾ ಒಂದು ರವಿವಾರ ಮಧ್ಯಾಹ್ನ ಟಿವಿಯಲ್ಲಿ ಬಂತು. ಕಾಕು ನಮ್ಮ ಮನೆಗೆ ಬಂದು ನೋಡುತ್ತಿದ್ದರು. ಅವ್ವ ಸುಮ್ಮನೆ ಕುರ್ಚಿಯಲ್ಲಿ ಕೂತಿದ್ದಳು. ನಾನು ಪೇಟೆಗೆ ಹೋಗಿದ್ದೇನೆ ಎಂದೇ ಅವಳು ತಿಳಿದಿದ್ದಳು. ನಾನು ಹಿತ್ತಲ ಬಾಗಿಲಿನಿಂದ ಸದ್ದಿಲ್ಲದೆ ತಿರುಗಿ ಬಂದು ಮೂಲೆಯಲ್ಲಿ ಕೂತಿದ್ದೆ.

ಟಿವಿಯಲ್ಲಿ ನಾಯಕ ಅಂದ: "ಅವ್ವಾ, ಬಾಗ್ಲಾ ತಗಿ. ನಾ ಬಂದೇನಿ."

ಅವ್ವ ಎದ್ದಳು. ಗೋಡೆ ಹಿಡಿದುಕೊಂಡು ಹೋಗಿ ನಮ್ಮ ಮನೆಯ ಬಾಗಿಲ ಚಿಲಕ ತೆಗೆದಳು. ಹೊರಗೆ ಯಾರೂ ಇಲ್ಲ. ಹಿಂದಿನಿಂದ ಟಿವಿ ಮತ್ತೆ, "ಎಷ್ಟೊತ್ತ ಮಾಡ್ತಿಯವ್ವಾ," ಅಂದಿತು. ಬಾಗಿಲು ಹಿಡಿದು ನಿಂತಿದ್ದವಳ ಮುಖ ನಿಧಾನವಾಗಿ ಅರಳಿತು.

"ನೋಡಕ್ಕಾ, ಅಂತೂ ನನ್ನ ಮಗ ಬಂದ," ಅಂದಳು ಕಾಕುವಿಗೆ.

ನನಗೆ ಕಣ್ಣು ತುಂಬಿ ಬಂತು. ಕಾಕುವಿಗೆ ಮಾತ್ರ ಸುಳ್ಳು ಸಹಿಸದು. "ಅಂವ ನಿಮ್ಮ ಮಗ ಅಲ್ರಿ. ಎತ್ತರ ಅದಾನ, ಕೆಂಪಗ ಅದಾನ, ತಲಿ ತುಂಬ ಕೂದ್ಲ ಅದಾವು."

"ಪೌಡರ್ ಬಳದಿರ್ತಾರ, ಟೋಪನ್ ಹಾಕಿರ್ತಾರ. ದನಿ ಕೇಳು. ಹೆತ್ತಾಕಿ ನಾನೋ ನೀನೋ?"

ಕಾಕು ನನ್ನ ಕಡೆ ನೋಡಿದರು. ನಾನು ಕೈಮುಗಿದೆ. ಅವರು ಮತ್ತೆ ಟಿವಿಯ ಕಡೆ ತಿರುಗಿದರು.

ಅಷ್ಟರಲ್ಲಿ ನಾಯಕ ನಾಯಕಿಯ ಕೈ ಹಿಡಿದು ಹಾಡತೊಡಗಿದ. ಅವ್ವ ನಾಲ್ಕು ಸಾಲು ಕೇಳಿ ತಲೆಯಾಡಿಸಿದಳು.

"ಹಾಡ ಒಂದು ಅವಂದಲ್ಲ. ಅಷ್ಟಕ್ಕ ಯಾರ್ನೋ ಅವನ ಬಾಯಾಗ ಕುಂಡ್ರಿಸ್ಯಾರ. ಛಲೋ ಮಾಡ್ಯಾರ."